ಗೂಡಿಗೆ ಗುಡವಿ, ಊಟಕ್ಕೆ ನಮ್ಮ ಗದ್ದೆ

'ಗುಡವಿಗೆ ಹೋಗಿದ್ಯೇನೋ ಅಳಿಯಾ?' ಅಂತ ಪಕ್ಕದ ಮನೆ ಮಾವ ಬೇಲಿ ಆಚೆಯಿಂದಲೇ ಕೇಳಿದರು. ಹೆಗಲಲ್ಲಿ ಕ್ಯಾಮೆರಾ, ಮೊಣಕಾಲವರೆಗೆ ಕೆಸರು ಕಂಡರೆ ಈಸೂರಲ್ಲಿ ಯಾರಾದರೂ ಕೇಳುವ ಮಾತು ಅದು. ಶಿಕಾರಿಪುರ, ಸೊರಬದ ನಮಗೆಲ್ಲ ಹಕ್ಕಿ ಅಂದ ಕೂಡಲೇ ನೆನಪಾಗುವುದು ಗುಡವಿ ಕೆರೆ. ಹಕ್ಕಿ ಇರುವುದು ಅಲ್ಲಿ, ಮಿಕ್ಕ ಕಡೆ ಇರುವುದು ಕಾಗೆ-ಗುಬ್ಬಿ ಅನ್ನುವ ನಂಬಿಕೆ ಎಲ್ಲರ ಮನಸ್ಸಲ್ಲೂ ಬೇರುಬಿಟ್ಟಿದೆ.

'ಇಲ್ಲ ಮಾವ, ಇಲ್ಲೇ ನಮ್ಮ ಹೊಳೆಸಾಲಿಗೆ. ಬೆಳಿಗ್ಗೆ ಹೋದೋನು ಈಗ ಬರ್ತಿದೀನಿ.'

'ನಮ್ ಹೊಳೇಲಿ ಎಂಥಾ ಹಕ್ಕಿ ಐತೆ ಮಾರಾಯಾ, ಬೆಳ್ಳಕ್ಕಿ ಬಿಟ್ರೆ?'

ಮಾವ ಅಂದರೆ ನೆಂಟಸ್ತಿಕೆಯ ಮಾವ ಅಲ್ಲ, ಊರ ವರಸೆಯಲ್ಲಿ ಮಾವ. ಗದ್ದೆ, ತೋಟ, ದನ ಮೂರನ್ನೂ ಕೈಬಿಡದೆ ನಡೆಸಿಕೊಂಡು ಬಂದವರು. ಅವರಿಗೆ ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಸ್ವಲ್ಪ ಉಪ್ಪು-ಖಾರ ಸೇರಿಸಿದರೂ ನಡುವೆಯೇ ತಡೆದು ಕೇಳುತ್ತಾರೆ. ಹಾಗಾಗಿ ಕ್ಯಾಮೆರಾ ಬಿಚ್ಚಿ, ಗೊಬ್ಬರದ ಗಿಡದ ಸಂದಿಯಲ್ಲಿ ಕೈ ತೂರಿಸಿ, ಹಿಂದಿನ ಪರದೆಯಲ್ಲಿ ಒಂದೊಂದೇ ಚಿತ್ರ ಸರಿಸುತ್ತಾ ಶುರು ಮಾಡಿದೆ. ಹಿತ್ತಲು ಗುಡಿಸುತ್ತಿದ್ದ ಅತ್ತೆಯೂ ಕಸಬರಿಗೆ ಹಿಡಿದುಕೊಂಡೇ ಬಂದು ನಿಂತರು.

ನಮ್ಮ ಹೊಳೆ ಕುಮುದ್ವತಿ. ಬೆಂಗಳೂರಿನವರಿಗೆ ಕುಮುದ್ವತಿ ಅಂದರೆ ಶಿವಗಂಗೆ, ನೆಲಮಂಗಲದ ಕಡೆಯ ನದಿ. ಇದು ಬೇರೆ. ಇದು ಹೊಸನಗರ ತಾಲ್ಲೂಕಿನ ಹುಂಚದ ಹತ್ತಿರ ಬಿಲ್ಲೇಶ್ವರದಲ್ಲಿ ಹುಟ್ಟಿ, ಅಂಜನಾಪುರದ ಕಟ್ಟೆಯಲ್ಲಿ ನಿಂತು, ಶಿಕಾರಿಪುರ ಸೀಮೆ ದಾಟಿ, ಮಾಸೂರು, ರಟ್ಟೀಹಳ್ಳಿ ಕಡೆಗೆ ಹರಿದು, ಮುದೇನೂರಿನ ಬಳಿ ತುಂಗಭದ್ರೆಗೆ ಸೇರುತ್ತದೆ. ದೊಡ್ಡ ನದಿಯೇನಲ್ಲ. ಮಳೆಗಾಲದಲ್ಲಿ ಕೆಂಪಗೆ ಉಕ್ಕುತ್ತದೆ, ಬೇಸಿಗೆಯಲ್ಲಿ ಮಡುಗಳಲ್ಲಿ ಮಾತ್ರ ನೀರು ಉಳಿಸಿಕೊಳ್ಳುತ್ತದೆ. ಹಕ್ಕಿ ನೋಡುವುದಕ್ಕೆ ಹೇಳಿ ಮಾಡಿಸಿದ ಕಾಲ ಇವೆರಡರ ನಡುವಿನದು. ದೀಪಾವಳಿ ಕಳೆದು ನೀರು ತಿಳಿಯಾಗಿ, ಬಂಡೆಗಳು ತಲೆ ಎತ್ತಿ, ಒಂದು ಕಡೆ ಗದ್ದೆ ಕೊಯ್ಲಿಗೆ ಬಂದು, ಇನ್ನೊಂದು ಕಡೆ ಗೋವಿನಜೋಳದ ತೆನೆ ಮುರಿಯುತ್ತಿರುವಾಗ ಹೊಳೆಸಾಲಿಗೆ ಇಳಿಯಬೇಕು. ಬೆಳಗಿನ ಮಂಜು ಏಳುವ ತನಕ ಕ್ಯಾಮೆರಾಕ್ಕೆ ಕೆಲಸವಿಲ್ಲ, ಕಿವಿಗೆ ಮಾತ್ರ ಕೆಲಸ. ಬಿದಿರುಮೆಳೆಯಲ್ಲಿ ಮಡಿವಾಳ ಹಕ್ಕಿ, ಆಚೆ ದಡದಲ್ಲಿ ಕೆಂಬೂತದ ಗೂಕ್ ಗೂಕ್, ನೀರಂಚಿನ ಜೊಂಡಿನೊಳಗಿಂದ ಹುಂಡುಕೋಳಿಯ ಗದ್ದಲ. ಬಿಸಿಲು ಬಂಡೆಗೆ ತಾಗಿದ ಮೇಲೆ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ.

ಮೊದಲ ಚಿತ್ರವೇ ಬೂದು ಸಿಪಿಲೆಯದು. ಬೆನ್ನು ಬೂದು, ಹೊಟ್ಟೆ ಹಳದಿ, ಬಾಲ ಒಂದು ಗಳಿಗೆ ಸುಮ್ಮನಿರುವುದಿಲ್ಲ. 'ಇದು ನಮ್ಮೂರದ್ದಲ್ಲ ಮಾವ. ಹಿಮಾಲಯದ ಕಡೆ ಮರಿ ಮಾಡಿ, ಚಳಿ ಶುರು ಆಗೋ ಹೊತ್ತಿಗೆ ಇಲ್ಲಿಗೆ ಬರ್ತದೆ. ಬೇಸಿಗೆ ಏರ್ತಿದ್ದ ಹಾಗೆ ವಾಪಸ್ ಹೋಗ್ತದೆ' ಅಂದೆ.

ಅತ್ತೆ ಕ್ಯಾಮೆರಾಕ್ಕೆ ಮುಖ ತಂದು ನೋಡಿದರು. 'ಇಷ್ಟು ಸಣ್ಣದು ಅಷ್ಟು ದೂರದಿಂದ ಬರ್ತದಾ? ಇದು ದಿನಾ ನಮ್ಮ ಬಟ್ಟೆ ಒಗೆಯೋ ಕಲ್ಲಿನ ಹತ್ರ ಓಡಾಡ್ಕಂಡ್ ಇರ್ತದಲ್ಲ!'

ದಿನಾ ನೋಡಿದ್ದಾರೆ ಅಂತಾಯಿತು. ಹೊಳೆಗೆ ಹೋಗಿಬರುವ ಹೆಂಗಸರು, ದನ ಕಾಯುವ ಹುಡುಗರು, ರಾತ್ರಿ ಪಂಪ್‌ಸೆಟ್ ಶುರು ಮಾಡಲು ಹೋಗುವವರು ಎಲ್ಲರೂ ಈ ಹಕ್ಕಿಗಳನ್ನು ನೋಡಿಯೇ ಇರುತ್ತಾರೆ. ಪುಸ್ತಕ ಓದಿ ಬಂದ ನನ್ನಂಥವರಿಗಿಂತ ಅವರಿಗೆ ಹಕ್ಕಿಯ ನಡೆನುಡಿ ಚೆನ್ನಾಗಿ ಗೊತ್ತಿರುತ್ತದೆ. ಇದು ಬಾಯುಪಚಾರದ ಮಾತಲ್ಲ. ಆಮೇಲೆ ಮಾವ ಹೇಳಿದ ಒಂದು ಸಂಗತಿ ಕೇಳಿದರೆ ನಿಮಗೂ ಒಪ್ಪಿಗೆಯಾದೀತು.

ಆ ಸಂಗತಿ ಬಾಯ್ಕಳಕದ ವಿಚಾರಕ್ಕೆ ಬಂತು. ಹೊಳೆಗೆ ತಗ್ಗಿನಲ್ಲಿರುವ ಗದ್ದೆಗಳಲ್ಲಿ ಕೊನೆಯದು, ಕೊಯ್ಲಾಗಿದ್ದರೂ ಬದುವಿನ ಮಗ್ಗುಲಲ್ಲಿ ಗೇಣು ನೀರು ನಿಂತ ಜೌಗು. ಅಲ್ಲಿ ಒಂದು ಬಾಯ್ಕಳಕ ಒಂಟಿಯಾಗಿ ಮೇಯುತ್ತಿತ್ತು. ಬೂದು ಬೆರೆತ ಬಿಳಿ ಮೈ, ಕಪ್ಪು ರೆಕ್ಕೆ, ಉದ್ದ ಕಾಲು. ಕೊಕ್ಕು ಮುಚ್ಚಿದ್ದರೂ ಮೇಲಿನ ಮತ್ತು ಕೆಳಗಿನ ದವಡೆ ನಡುವೆ ಬೆಳಕು ಕಾಣುವಷ್ಟು ಸಂದು. ಮರಿಯಾಗಿದ್ದಾಗ ಈ ಸಂದು ಇರುವುದಿಲ್ಲ, ಬೆಳೆಯುತ್ತಾ ಬೆಳೆಯುತ್ತಾ ಬರುತ್ತದೆ. ನಾನು ಬದುವಿನ ಲಕ್ಕಿ ಗಿಡದ ಹಿಂದೆ ಹೊಟ್ಟೆ ಮೇಲೆ ಮಲಗಿ, ಕ್ಯಾಮೆರಾವನ್ನು ಬದುವಿನ ಮಣ್ಣಿನ ಮೇಲೇ ಊರಿದೆ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದು ತೆಗೆದರೆ ಮಾತ್ರ ಚಿತ್ರದಲ್ಲಿ ಹಕ್ಕಿಗೆ ಜೀವ ಬರುತ್ತದೆ. ನಿಂತು ಮೇಲಿನಿಂದ ತೆಗೆದರೆ ಬರೀ ಬೆನ್ನು, ಬರೀ ಕೆಸರು.

ಅದು ಅವಸರವಿಲ್ಲದೆ ಒಂದು ಹೆಜ್ಜೆ ಇಡುವುದು, ಕೊಕ್ಕಿನ ತುದಿಯನ್ನು ಕೆಸರಿಗೆ ಚುಚ್ಚುವುದು, ಅಲ್ಲಾಡಿಸುವುದು, ಮತ್ತೆ ಒಂದು ಹೆಜ್ಜೆ. ಕಣ್ಣಿನಿಂದ ಹುಡುಕುವುದಕ್ಕಿಂತ ಕೊಕ್ಕಿನ ತುದಿಯಿಂದಲೇ ತಡಕಾಡುತ್ತದೆ. ಒಂದು ಸಲ ಚುಚ್ಚಿದ ತಲೆ ಮೇಲೆ ಬರಲಿಲ್ಲ. ಗುಳ್ಳೆ ಸಿಕ್ಕಿತ್ತು, ಗದ್ದೆ ನೀರಲ್ಲಿರುತ್ತದಲ್ಲ, ಆ ದುಂಡನೆಯ ಬಸವನಹುಳು. ಅದನ್ನು ಎತ್ತಿ ಬಂಡೆಗೆ ಹೊಡೆದು ಒಡೆಯುತ್ತದೆ ಅಂದುಕೊಳ್ಳುವವರೇ ಹೆಚ್ಚು. ಇಲ್ಲ. ನೀರೊಳಗೇ ಮೇಲಿನ ದವಡೆಯಿಂದ ಗುಳ್ಳೆಯನ್ನು ನೆಲಕ್ಕೆ ಒತ್ತಿ ಹಿಡಿದುಕೊಂಡಿತು. ಕೆಳದವಡೆಯ ಚೂಪು ತುದಿಯನ್ನು ಗುಳ್ಳೆಯ ಮುಚ್ಚಳದ ಸಂದಿಗೆ ತೂರಿಸಿತು. ತಲೆ ಸಣ್ಣಗೆ ನಡುಗುತ್ತಿತ್ತು, ನೀರಿನ ಮೇಲೆ ಬಳೆಬಳೆಯಾಗಿ ಅಲೆ ಏಳುತ್ತಿತ್ತು. ಹುಳುವನ್ನು ಚಿಪ್ಪಿಗೆ ಕಟ್ಟಿಹಿಡಿದ ಮಾಂಸದ ನಾರನ್ನು ಕತ್ತರಿಸುವ ಕೆಲಸ ಅದು. ಕೊನೆಗೆ ತಲೆ ಎತ್ತಿದಾಗ ಕೊಕ್ಕಿನ ತುದಿಯಲ್ಲಿ ಜೋತಾಡುತ್ತಿದ್ದದ್ದು ಬರೀ ಹುಳು. ಒಂದು ಸಲ ಮೇಲಕ್ಕೆ ಚಿಮ್ಮಿಸಿ ನುಂಗಿತು. ಅದು ಹಾರಿಹೋದ ಮೇಲೆ ನಾನು ಆ ಜಾಗಕ್ಕೆ ಇಳಿದು ಕೈಯಾಡಿಸಿದೆ. ಚಿಪ್ಪು ಸಿಕ್ಕಿತು. ಎಲ್ಲೂ ಬಿರುಕಿಲ್ಲ, ಇಡಿಯಾಗಿ ಇತ್ತು. ಅದನ್ನು ಜೇಬಿನಿಂದ ತೆಗೆದು ಮಾವನ ಕೈಗೆ ಕೊಟ್ಟೆ.

ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. 'ಇದಾ! ಗುಳ್ಳೆ ತಿನ್ನೋ ಹಕ್ಕಿ. ನಾವು ಹುಡುಗ್ರಿದ್ದಾಗ ಸಸಿ ನಾಟಿ ಹೊತ್ನಾಗೆ ಗದ್ದೆ ತುಂಬ ಇರ್ತಿದ್ವು. ಬದು ಮೇಲೆ ಹಿಂಗೇ ಖಾಲಿ ಚಿಪ್ಪು ರಾಶಿ ಬಿದ್ದಿರೋದು, ಕಾಲಿಗೆ ಚುಚ್ಚೋವು. ಈಗ ಹಕ್ಕಿ ಯಾಕ್ ಬರಲ್ಲ ಅಂತ ಕೇಳ್ತೀಯಲ್ಲ, ಗುಳ್ಳೆ ಎಲ್ಲೈತೆ ಗದ್ದೇಲಿ? ಎಲ್ಲಾ ಗದ್ದೆ ತೋಟ ಆಗೋಯ್ತು. ಉಳಿದ ಗದ್ದೆಗೆ ಮದ್ದು ಹೊಡೀತೀವಿ. ಈ ಹಕ್ಕಿ ಬಂದು ಮಣ್ಣು ತಿನ್ಬೇಕಾ?'

ನಾನು ಹೇಳಬೇಕು ಅಂತ ಹೊಳೆಸಾಲಿನಿಂದ ಮನಸ್ಸಿನಲ್ಲೇ ಹೊತ್ತುಕೊಂಡು ಬಂದ ಮಾತನ್ನು ಮಾವ ಹೀಗೆ ಒಂದೇ ಉಸಿರಲ್ಲಿ ಹೇಳಿಬಿಟ್ಟರು.

ಗುಡವಿಯನ್ನೇ ತೆಗೆದುಕೊಳ್ಳಿ. ಸೊರಬದಿಂದ ಹದಿನೈದು-ಹದಿನಾರು ಕಿಲೋಮೀಟರ್, ಬನವಾಸಿ ದಿಕ್ಕಿಗೆ. ಇಡೀ ಪಕ್ಷಿಧಾಮದ ವಿಸ್ತೀರ್ಣ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ, ಸುಮಾರು 73 ಹೆಕ್ಟೇರ್. ಜೂನ್ ಹೊತ್ತಿಗೆ ಮಳೆ ಹಿಡಿದು ಕೆರೆಗೆ ನೀರು ಬಂದರೆ, ನೀರಲ್ಲಿ ನಿಂತ ಮರಗಳ ಮೇಲೆ ಬಿಳಿ ಕೆಂಬರಲು ಸಾವಿರಗಟ್ಟಲೆ ಬಂದು ಗೂಡು ಕಟ್ಟುತ್ತವೆ. ಜೊತೆಗೆ ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ. ಬುಡದಲ್ಲಿ ನೀರು ನಿಂತಿದ್ದರೆ ಕಾಡುಬೆಕ್ಕು, ನಾಯಿ ಹತ್ತಿರ ಸುಳಿಯುವುದಿಲ್ಲ; ಅದಕ್ಕೇ ಹಕ್ಕಿಗಳು ಆ ಮರಗಳನ್ನು ಆರಿಸಿಕೊಳ್ಳುವುದು. ಬಾಣಂತನಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅಷ್ಟು ಸಾವಿರ ಹಕ್ಕಿಗೆ, ಅವುಗಳ ಮರಿಗಳಿಗೆ ಆ ಒಂದು ಕೆರೆ ಎಷ್ಟು ದಿನ ಊಟ ಹಾಕೀತು? ತಾಯಿ-ತಂದೆ ಎರಡೂ ಬೆಳಗಿನಿಂದ ಕತ್ತಲಾಗುವವರೆಗೆ ಸುತ್ತಲಿನ ಗದ್ದೆ, ಹಳ್ಳ, ಊರ ಕೆರೆಗಳನ್ನು ಸುತ್ತಿ ಕಪ್ಪೆ, ಮೀನು, ಏಡಿ, ಹುಳು ತಂದು ಮರಿಯ ಬಾಯಿಗೆ ಹಾಕುತ್ತವೆ. ಮರಿ ರೆಕ್ಕೆ ಬಲಿತು ಹಾರಿದ ಮೇಲೆ ಎಲ್ಲವೂ ಚದುರುತ್ತವೆ. ನಮ್ಮ ಗದ್ದೆಗೆ ನವೆಂಬರಿನಲ್ಲಿ ಇಳಿಯುವ ಕೆಂಬರಲು ಗುಡವಿಯಲ್ಲಿ ಹುಟ್ಟಿದ್ದೋ ಬೇರೆಲ್ಲಿಯದೋ ಹೇಳುವುದಕ್ಕೆ ಅದರ ಕಾಲಲ್ಲಿ ಉಂಗುರವಿಲ್ಲ. ಎಲ್ಲಿ ಹುಟ್ಟಿದ್ದಾದರೂ ಗೂಡಿನ ನಾಲ್ಕೈದು ತಿಂಗಳು ಬಿಟ್ಟರೆ ಮಿಕ್ಕ ದಿನವೆಲ್ಲ ಅದು ಬದುಕುವುದು ಇಂಥ ಗದ್ದೆ, ಇಂಥ ಹೊಳೆಯ ಮೇಲೇ.

ಗೂಡಿನ ಜಾಗಕ್ಕೆ ಬೇಲಿ ಇದೆ, ಕಾವಲಿದೆ, ಬೋರ್ಡ್ ಇದೆ. ಊಟದ ಜಾಗಕ್ಕೆ ಏನೂ ಇಲ್ಲ. ಅದು ನನ್ನದು, ಮಾವನದು, ಆಚೆ ಮನೆಯವರದು. ನಾವು ಏನು ಬೆಳೆಯುತ್ತೇವೆ, ಯಾವ ಮದ್ದು ಹೊಡೆಯುತ್ತೇವೆ ಅನ್ನುವುದರ ಮೇಲೆ ಅವುಗಳ ಊಟ ನಿಂತಿದೆ. ಕೆರೆ ಕಟ್ಟುವುದು ನಮ್ಮ ಸೀಮೆಗೆ ಹೊಸದಲ್ಲ. ತಾಳಗುಂದ ನಮ್ಮ ತಾಲ್ಲೂಕಿನದೇ. ಅಲ್ಲಿನ ಐದನೇ ಶತಮಾನದ ಸ್ತಂಭಶಾಸನ ಕದಂಬರ ಕಾಕುಸ್ಥವರ್ಮ ದೇವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನೇ ಹೇಳುತ್ತದೆ. ಸಾವಿರದೈನೂರು ವರ್ಷದಿಂದ ಕೆರೆ, ಕೆರೆಯ ಕೆಳಗೆ ಗದ್ದೆ, ಗದ್ದೆ ದಾಟಿದರೆ ಹೊಳೆ ಅನ್ನುವ ಈ ಏರ್ಪಾಟನ್ನು ಮನುಷ್ಯರು ಅನ್ನಕ್ಕಾಗಿ ಮಾಡಿಕೊಂಡರು. ಹಕ್ಕಿಗಳು ಅದರೊಳಗೇ ತಮ್ಮ ಬದುಕನ್ನು ಹೊಂದಿಸಿಕೊಂಡವು. ಈಗ ಇಪ್ಪತ್ತು ಮೂವತ್ತು ವರ್ಷದಲ್ಲಿ ಗದ್ದೆಯಿದ್ದಲ್ಲಿ ಅಡಿಕೆ ಬಂತು, ಶುಂಠಿ ಬಂತು, ಗೋವಿನಜೋಳ ಬಂತು. ಅಡಿಕೆ ಹಾಕಿದವರನ್ನು ನಾನು ದೂರುವುದಿಲ್ಲ. ಭತ್ತ ಬೆಳೆದು ಸಾಲ ತೀರಿಸಿದವರು ಯಾರಿದ್ದಾರೆ? ಆದರೆ ನೀರು ನಿಲ್ಲುವ ಗದ್ದೆ ಒಂದು ಕಡಿಮೆಯಾದರೆ ಗುಳ್ಳೆ, ಕಪ್ಪೆ, ಏಡಿಯ ಮನೆ ಒಂದು ಕಡಿಮೆಯಾಯಿತು ಅನ್ನುವುದೂ ಅಷ್ಟೇ ನಿಜ.

'ಅಡಿಕೆ ತೋಟಕ್ಕೂ ಹಕ್ಕಿ ಬರ್ತಾವಲ್ಲೋ' ಅಂದರು ಮಾವ. ಬರುತ್ತವೆ. ಕುಟ್ರುಹಕ್ಕಿ, ಪಿಕಳಾರ, ಸೂರಕ್ಕಿ ಬರುತ್ತವೆ. ನೀರಲ್ಲಿ ಕಾಲಿಟ್ಟು ಮೇಯುವ ಹಕ್ಕಿಗೆ ತೋಟದಲ್ಲಿ ಏನೂ ಇಲ್ಲ.

'ನವಿಲಂತೂ ಬೇಡ ಅಂದ್ರೂ ಬರ್ತಾವೆ' ಅಂತ ಅತ್ತೆ ಸೇರಿಸಿದರು. ಅವರ ಹಿತ್ತಲ ಅವರೆ ಬಳ್ಳಿಯನ್ನು ನವಿಲು ಕುಕ್ಕಿ ಹಾಳು ಮಾಡಿತ್ತು.

ಅತ್ತೆ ಹೇಳಿದ್ದು ದೇಶದ ಲೆಕ್ಕಕ್ಕೂ ಸರಿಹೋಗುತ್ತದೆ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ ಒಂದು ವರದಿ ಬಂತು. 942 ಜಾತಿಯ ಹಕ್ಕಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ಅವುಗಳಲ್ಲಿ 178 ಜಾತಿಗಳಿಗೆ ಎಲ್ಲಕ್ಕಿಂತ ಮೊದಲು ಕಾಳಜಿ ಬೇಕು ಅಂದಿದ್ದಾರೆ. ನವಿಲು, ಕೋಗಿಲೆ ಹೆಚ್ಚುತ್ತಿವೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಮೂವತ್ತು ಪರ್ಸೆಂಟಿಗಿಂತ ಹೆಚ್ಚು ಇಳಿದಿದೆ. ಕರೆಂಟ್ ತಂತಿ ಮೇಲೆ ಕೂತು, ಇದ್ದಕ್ಕಿದ್ದಂತೆ ನೀಲಿ ರೆಕ್ಕೆ ಬಿಚ್ಚಿ ಹೊಲಕ್ಕೆ ಇಳಿಯುವ ಆ ಹಕ್ಕಿಯನ್ನು ನಾನು ಮೊನ್ನೆ ದಿನವಿಡೀ ಹುಡುಕಿದೆ. ಕಾಣಲಿಲ್ಲ. ಒಂದು ದಿನ ಕಾಣದಿದ್ದರೆ ಇಲ್ಲ ಅಂತ ಅರ್ಥವಲ್ಲ, ಅದಕ್ಕೇ ಮತ್ತೆ ಮತ್ತೆ ಹೋಗಿ ನೋಡಬೇಕು. ಈ ವರದಿಯಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದಿದೆ. ಅದಕ್ಕೆ ಬೇಕಾದ ಮಾಹಿತಿ ಬಂದದ್ದು ಸುಮಾರು 30,000 ಮಂದಿ ಹಕ್ಕಿ ನೋಡುವವರ ಕೈಯಿಂದ. ಮೇಷ್ಟ್ರು, ಗುಮಾಸ್ತರು, ವಿದ್ಯಾರ್ಥಿಗಳು, ನಿವೃತ್ತರು ತಮ್ಮ ಊರಲ್ಲಿ ಕಂಡದ್ದನ್ನು ಇಬರ್ಡ್ ಅನ್ನುವ ಆ್ಯಪಿನಲ್ಲಿ ಬರೆದಿಟ್ಟದ್ದು, ಮೂರು ಕೋಟಿಯಷ್ಟು ದಾಖಲೆ. ಅದರಲ್ಲಿ ನಮ್ಮ ಕುಮುದ್ವತಿ ದಂಡೆಯ ಪಾಲು ಎಷ್ಟಿದ್ದೀತು?

ಇಲ್ಲಿ ನನಗೆ ಒಂದು ಸಂಕಟವಿದೆ. ನಮ್ಮೂರು ಈಸೂರಿನ ಹೆಸರು ಇತಿಹಾಸದಲ್ಲಿದೆ. 1942ರಲ್ಲಿ ಊರಿಗೆ ಊರೇ ಸ್ವತಂತ್ರ ಅಂತ ಸಾರಿ, ಪುಟ್ಟ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿ, ತಮ್ಮದೇ ಸರ್ಕಾರ ನಡೆಸಿದರು. ಘರ್ಷಣೆ ಆದ ಮೇಲೆ ಪೊಲೀಸರು ಬಂದಾಗ ಜನ ಮನೆಮಠ ಬಿಟ್ಟು ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು ಗಲ್ಲಿಗೇರಿಸಿದರು. ಹೊರಗಿನಿಂದ ಬಂದವರು ಹುತಾತ್ಮರ ಸ್ಮಾರಕಕ್ಕೆ ಕೈಮುಗಿದು ಹೋಗುತ್ತಾರೆ. ಅದೇ ಹೊತ್ತಿಗೆ ಇದೇ ಮೈಸೂರು ಸಂಸ್ಥಾನದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಸಲೀಂ ಅಲಿ 1939-40ರಲ್ಲಿ ಸಂಸ್ಥಾನವನ್ನು ಸುತ್ತಿ ಹಕ್ಕಿಗಳ ಸಮೀಕ್ಷೆ ಮಾಡಿದ್ದರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಲು ಅವರೇ ಕಾರಣ. ಮೈಸೂರಿನ ಹಕ್ಕಿಗಳ ಮೇಲೆ ಅವರು ಬರೆದ ಲೇಖನಮಾಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದದ್ದು 1942-43ರಲ್ಲಿ. ನಮ್ಮ ಹಿರಿಯರು ಕಾಡಿನಲ್ಲಿ ತಲೆಮರೆಸಿಕೊಂಡಿದ್ದ ದಿನಗಳಲ್ಲಿ ಅವರ ತಲೆಯ ಮೇಲಿನ ಮರದಲ್ಲಿ ಯಾವ ಹಕ್ಕಿ ಕೂಗುತ್ತಿತ್ತು, ಹೊಳೆಯ ಯಾವ ಮಡುವಿನಲ್ಲಿ ಯಾವುದು ಮೀನು ಹಿಡಿಯುತ್ತಿತ್ತು ಅಂತ ಯಾರಾದರೂ ನಾಲ್ಕು ಸಾಲು ಬರೆದಿಟ್ಟಿದ್ದರೆ ಇಂದು ಅದನ್ನು ಮುಂದಿಟ್ಟುಕೊಂಡು ಏನು ಉಳಿದಿದೆ, ಏನು ಹೋಗಿದೆ ಅಂತ ನೋಡಬಹುದಿತ್ತು. ಆಗ ಅವರಿಗೆ ಜೀವ ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು. ನಮಗೆ ಅಂಥ ಕಷ್ಟವೇನಿಲ್ಲ. ಬರೆದಿಡದೆ ಇರಲು ನಮಗೆ ಕಾರಣವೂ ಇಲ್ಲ.

ಫೋಟೊಕ್ಕಿಂತ ಪುಸ್ತಕದಲ್ಲಿ ಗೀಚಿದ ಸಾಲು ದೊಡ್ಡದು ಅಂತ ನಾನು ನಂಬಿದ್ದೇನೆ, ಅದೂ ಫೋಟೊ ಹುಚ್ಚು ಇದ್ದುಕೊಂಡೇ. ಪೂರ್ಣಚಂದ್ರ ತೇಜಸ್ವಿ ನಮ್ಮ ಜಿಲ್ಲೆಯ ಕುಪ್ಪಳಿ ಮನೆತನದವರು. ಮೂಡಿಗೆರೆಯಲ್ಲಿ ಕೂತು ಕ್ಯಾಮೆರಾ ಹಿಡಿದು ಹಕ್ಕಿಯ ಹಿಂದೆ ಹೋದರು, ತೆಗೆದ ಚಿತ್ರದ ಜೊತೆ ಹಕ್ಕಿ ಏನು ಮಾಡುತ್ತಿತ್ತು ಅನ್ನುವುದನ್ನೂ ಕನ್ನಡದಲ್ಲಿ ಬರೆದರು. ನಮ್ಮ ತಲೆಮಾರಿನ ಎಷ್ಟೋ ಜನ ಹಕ್ಕಿಗೆ ಕಣ್ಣು ಕೊಟ್ಟದ್ದು ಅವರ 'ಹಕ್ಕಿಪುಕ್ಕ' ಓದಿಯೇ. ರೋಲು ಹಾಕುವ ಕಾಲ ಅದು, ಒಂದು ರೋಲಿಗೆ 36 ಚಿತ್ರ, ತೊಳೆಸಿ ಬರುವ ತನಕ ಏನು ಬಿದ್ದಿದೆ ಗೊತ್ತಾಗುತ್ತಿರಲಿಲ್ಲ. ಈಗ ಒಂದು ಕ್ಷಣಕ್ಕೆ ಇಪ್ಪತ್ತು ಚಿತ್ರ ಹೊಡೆಯುವ ಯಂತ್ರ ಬಂದಿದೆ. ಚಿತ್ರ ಹೆಚ್ಚಾಯಿತು, ನೋಡುವುದು ಅಷ್ಟೇ ಹೆಚ್ಚಾಯಿತೇ ಅಂತ ಕೇಳಿದರೆ ನನಗೆ ಅನುಮಾನ.

ನೋಡುವುದು ಅಂದರೆ ಏನು ಅನ್ನುವುದಕ್ಕೆ ಕಪ್ಪು-ಬಿಳಿ ಮಿಂಚುಳ್ಳಿಯ ಚಿತ್ರ ತೋರಿಸಿದೆ. ಮಧ್ಯಾಹ್ನದ ಹೊತ್ತು. ಹೊಳೆ ತಿರುಗುವಲ್ಲಿ ಒಂದು ಮಡು, ಹೊಳೆಮತ್ತಿಯ ನೆರಳು ಅರ್ಧ ನೀರಿನ ಮೇಲೆ. ಮಡುವಿನ ಮೇಲೆ ಎರಡಾಳು ಎತ್ತರದಲ್ಲಿ ಅದು ಗಾಳಿಯಲ್ಲಿ ನಿಂತಿತ್ತು. ನಿಂತಿತ್ತು ಅನ್ನುವುದು ಸುಮ್ಮನೆ ಹೇಳಿದ್ದಲ್ಲ. ರೆಕ್ಕೆ ಕಣ್ಣಿಗೆ ಸಿಗದಷ್ಟು ಜೋರಾಗಿ ಬಡಿಯುತ್ತಿದೆ, ಮೈ ಗಾಳಿಗೆ ಓಲಾಡುತ್ತಿದೆ, ಬಾಲ ಮೇಲೆ ಕೆಳಗೆ ಆಡುತ್ತಿದೆ, ತಲೆ ಮಾತ್ರ ಮೊಳೆ ಹೊಡೆದ ಹಾಗೆ ಒಂದೇ ಕಡೆ. ಕೊಕ್ಕು ನೇರ ಕೆಳಕ್ಕೆ, ಕಣ್ಣು ನೀರೊಳಗಿನ ಮೀನಿನ ಮೇಲೆ. ಮೀನು ಜಾಗ ಬದಲಿಸಿದರೆ ನಾಲ್ಕು ಮಾರು ಆಚೆ ಹೋಗಿ ಮತ್ತೆ ನಿಲ್ಲುತ್ತದೆ. ಆಮೇಲೆ ರೆಕ್ಕೆ ಮಡಚಿ ಕಲ್ಲು ಬಿದ್ದಂತೆ ಬೀಳುತ್ತದೆ. 1/2000 ಸೆಕೆಂಡಿಗೆ ಕ್ಯಾಮೆರಾ ಇಟ್ಟಿದ್ದರಿಂದ ರೆಕ್ಕೆಯ ಗರಿಗಳು ಎಣಿಸುವ ಹಾಗೆ ಬಂದಿವೆ. ಎದೆಯ ಮೇಲೆ ಎರಡು ಕಪ್ಪು ಪಟ್ಟಿ ಇದ್ದದ್ದರಿಂದ ಗಂಡು. ಹೆಣ್ಣಿಗೆ ಒಂದೇ ಪಟ್ಟಿ, ಅದೂ ನಡುವೆ ಕಡಿದಿರುತ್ತದೆ. ಹೆಣ್ಣು ಆಚೆಯ ಒಣಕೊಂಬೆಯ ಮೇಲೆ ಕೂತು ಚಿರ್ರ್ ಚಿರ್ರ್ ಅನ್ನುತ್ತಿತ್ತು.

'ಗೂಡು ಎಲ್ಲಿ ಕಟ್ತಾವೆ ಇವು?' ಅಂತ ಅತ್ತೆ ಕೇಳಿದರು.

'ಕಟ್ಟಲ್ಲ ಅತ್ತೆ, ಕೊರೀತಾವೆ. ಹೊಳೆ ದಡ ಗೋಡೆ ಹಂಗೆ ನಿಂತಿರ್ತದಲ್ಲ, ಅದರಲ್ಲಿ ಮೂರು-ನಾಲ್ಕು ಅಡಿ ಒಳಗೆ ಬಿಲ ಕೊರೆದು ತುದೀಲಿ ಮೊಟ್ಟೆ ಇಡ್ತಾವೆ. ಆ ಹಸಿರು ಕಳ್ಳಿಪೀರ ಇದೆಯಲ್ಲ, ತಂತಿ ಮೇಲೆ ಸಾಲಾಗಿ ಕೂತಿರ್ತವೆ, ಅವೂ ಹಿಂಗೇ.'

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಮರಳು ತೆಗೆದು ತೆಗೆದು ಆ ದಡ ಎಲ್ಲಾ ಕುಸಿದ್ ಹೋಗೈತಲ್ಲೋ.'

ಹೌದು. ಹೊಳೆಯ ಮರಳು ತೆಗೆದರೆ ತಳ ಆಳವಾಗುತ್ತದೆ, ತಳ ಆಳವಾದರೆ ದಡ ಬುಡ ಸಡಿಲಾಗಿ ಮಳೆಗಾಲದಲ್ಲಿ ಜಾರುತ್ತದೆ. ನೆಟ್ಟಗೆ ನಿಂತ ಮಣ್ಣಿನ ಗೋಡೆ ಹೋಗಿ ಇಳಿಜಾರು ಆಗುತ್ತದೆ. ಇಳಿಜಾರಿನಲ್ಲಿ ಮಿಂಚುಳ್ಳಿ ಬಿಲ ತೋಡುವುದಿಲ್ಲ. ತೋಡಿದರೆ ಹಾವು, ಮುಂಗುಸಿ ಸಲೀಸಾಗಿ ಏರುತ್ತವೆ. ಮರಳು ಹೋದದ್ದು ನಮಗೆ ಬಾವಿ ನೀರು ಇಳಿದಾಗ ತಿಳಿಯುತ್ತದೆ, ಹಕ್ಕಿಗೆ ಮೊಟ್ಟೆ ಇಡುವ ಹೊತ್ತಿಗೇ ತಿಳಿಯುತ್ತದೆ. ಮಡುವಿನ ಎದುರು ದಡದಲ್ಲಿ ಒಂದು ಹತ್ತು ಮಾರಿನಷ್ಟು ಗೋಡೆ ಇನ್ನೂ ನಿಂತಿದೆ. ಅದರಲ್ಲಿ ಹಳೆಯ ಬಿಲಗಳ ಬಾಯಿ ಕಂಡೆ. ಆ ಹತ್ತು ಮಾರು ಉಳಿಸಿಕೊಂಡರೆ ಸಾಕು ಅನ್ನಿಸಿತು. ದಡದ ಮೇಲೆ ಬಿದಿರು, ಹೊಂಗೆ, ಲಕ್ಕಿ ಇದ್ದರೆ ಬೇರು ಹಿಡಿದುಕೊಳ್ಳುತ್ತದೆ. ಆ ಗದ್ದೆಯವರ ಹತ್ತಿರ ಮಾತಾಡಬೇಕು.

'ಆ ಬಿಲದ ಹತ್ರ ಹೋಗಿ ಫೋಟೊ ತೆಗೀಲಿಲ್ವಾ?' ಮಾವ ಕೇಳಿದರು.

ಗೂಡಿನ ಹತ್ತಿರ ನಾನು ಕ್ಯಾಮೆರಾ ಒಯ್ಯುವುದಿಲ್ಲ. ಗೂಡಿಗೆ ಅಡ್ಡವಾದ ಎಲೆ ಸವರಿ, ಕೊಂಬೆ ಕಟ್ಟಿ ಹಿಂದೆ ಸರಿಸಿ ಚಿತ್ರ ತೆಗೆದವರಿದ್ದಾರೆ. ಎಲೆ ಸವರಿದ ಗೂಡಿಗೆ ಬಿಸಿಲು ಬೀಳುತ್ತದೆ, ಕಾಗೆ-ಕೆಂಬೂತದ ಕಣ್ಣು ಬೀಳುತ್ತದೆ. ತಾಯಿ ಹೆದರಿ ಅರ್ಧ ಗಂಟೆ ದೂರವಿದ್ದರೆ ಮೊಟ್ಟೆ ತಣ್ಣಗಾಗುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಹೊರಗೆ ಕರೆಯುವುದೂ ಅಷ್ಟೇ ತಪ್ಪು. ಎದುರಾಳಿ ಬಂದಿದೆ ಅಂತ ತಿಳಿದು ಅದು ಮೇಯುವುದು ಬಿಟ್ಟು, ಮರಿ ಬಿಟ್ಟು ಓಡಿ ಬರುತ್ತದೆ. ಗೂಡಿನ ಚಿತ್ರವನ್ನು ಈಗ ಅನೇಕ ಸ್ಪರ್ಧೆಗಳಲ್ಲಿ ತೆಗೆದುಕೊಳ್ಳುವುದೇ ಇಲ್ಲ, ಅದು ಒಳ್ಳೆಯದಾಯಿತು.

ಕೊನೆಗೆ ಬೆಳ್ಳಕ್ಕಿಯ ಚಿತ್ರ ಬಂತು. ನಮ್ಮ ಹೊಳೆಯಲ್ಲಿ ಬೆಳ್ಳಕ್ಕಿ ಬಿಟ್ಟರೆ ಏನಿದೆ ಅಂದವರೇ ಅದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು. ಹೊಳೆಮತ್ತಿಯ ಕಪ್ಪು ನೆರಳಿನ ಮುಂದೆ ಒಂದು ಬೆಳ್ಳಕ್ಕಿ, ಒಂದು ಕಾಲು ಎತ್ತಿ. ಇಂಥ ಕಡೆ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಕತ್ತಲು ಹೆಚ್ಚಿದೆ ಅಂತ ಲೆಕ್ಕ ಹಾಕಿ ಬೆಳಕನ್ನು ಜಾಸ್ತಿ ಒಳಗೆ ಬಿಡುತ್ತದೆ. ಗರಿಯ ಎಳೆಯೆಲ್ಲ ಕರಗಿ ಹಕ್ಕಿ ಬಿಳೀ ಮುದ್ದೆಯಾಗುತ್ತದೆ. ಒಂದು ಒಂದೂವರೆ ಸ್ಟಾಪಿನಷ್ಟು ಇಳಿಸಿಕೊಂಡು ತೆಗೆದರೆ ಕತ್ತಿನ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ಅಷ್ಟೊಂದು ಬಿಳುಪಿನಲ್ಲೂ ಎಷ್ಟು ಬಗೆಯ ಬಿಳುಪು ಇದೆ ಅಂತ ತೋರುತ್ತದೆ. ದಿನಾ ನೋಡುವ ಹಕ್ಕಿಯನ್ನು ಮಾವ ಹಾಗೆ ನೋಡುತ್ತಾ ನಿಂತದ್ದು ಕಂಡು ನನಗೆ ದಿನದ ದಣಿವೆಲ್ಲ ಇಳಿಯಿತು.

ಆಮೇಲೆ ಫೆಬ್ರವರಿಯ ಮಾತು ಬಂತು. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದ ಎಲ್ಲ ಕಡೆ ಜನ ತಮ್ಮ ತಮ್ಮ ಹಿತ್ತಲ ಹಕ್ಕಿ ಎಣಿಸುತ್ತಾರೆ. ನಮ್ಮ ದೇಶ 2013ರಿಂದ ಸೇರಿಕೊಂಡಿದೆ. ಹದಿನೈದು ನಿಮಿಷ ಒಂದೇ ಕಡೆ ನಿಂತು ಕಂಡದ್ದನ್ನು, ಕೇಳಿದ್ದನ್ನು ಬರೆದರೂ ಸಾಕು. ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿ ಹೊಳೆಸಾಲಿನಲ್ಲಿ ಎಣಿಸಬೇಕು ಅಂತ ನನ್ನ ಆಸೆ ಹೇಳಿದೆ. ಹುಡುಗರಿಗೆ ಹಕ್ಕಿ ತೋರಿಸಲು ನಾನಿದ್ದೇನೆ, ಆದರೆ ಯಾವ ಗದ್ದೆ ಯಾವಾಗ ಗದ್ದೆಯಾಗಿತ್ತು, ಯಾವ ಮಡುವಿನಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತಿತ್ತು, ಯಾವ ಮರದಲ್ಲಿ ಗೀಜಗ ಗೂಡು ತೂಗುಹಾಕುತ್ತಿತ್ತು ಅಂತ ಹೇಳಲು ಮಾವನಂಥವರು ಜೊತೆಗೆ ಬರಬೇಕು. ಅದನ್ನು ಹುಡುಗರು ಬರೆದುಕೊಳ್ಳಬೇಕು.

'ಬರ್ತೀನಿ ಬಿಡು' ಅಂದರು. 'ಫೆಬ್ರವರಿ ದೂರ ಐತೆ. ಬುಧವಾರ ನಮ್ ಕೆಳಗದ್ದೆಗೆ ಕೊಯ್ಲು ಮಿಷನ್ ಬರ್ತೈತೆ. ಅದು ಒಂದ್ ಸುತ್ತು ಹೊಡೆದ್ರೆ ಸಾಕು, ಹಿಂದಿಂದೆ ಕಾಜಾಣ, ಗೋವಕ್ಕಿ, ನೀ ಹೇಳ್ತೀಯಲ್ಲ ಕವಲುತೋಕೆ, ಎಲ್ಲಾ ಬಂದು ಮುತ್ಕಂಡ್ಬಿಡ್ತಾವೆ, ಹುಲ್ಲಲ್ಲಿದ್ದ ಮಿಡತೆ ಏಳ್ತಾವಲ್ಲ, ಅದಕ್ಕೆ. ಏಳು ಗಂಟೆಗೆ ಅಂದವ್ನೆ, ಇಬ್ಬನಿ ಆರಿ ಅವನು ಬರೋದು ಹತ್ತಕ್ಕೇ. ನೀ ಒಂಬತ್ತೂವರೆಗೆ ಬಂದ್ಬಿಡು. ಆ ಮೂಲೆ ಜೌಗು ಐತಲ್ಲ, ಅಲ್ಲಿಗೆ ಮಿಷನ್ ಇಳಿಯಲ್ಲ, ಅಲ್ಲಿ ನಾವು ಕೈಲೇ ಕೊಯ್ತೀವಿ, ಅಲ್ಲಿ ಕೂತ್ಕ.'